ದೊರೆ ಮಾತಾಡುವ ವೇಗ

ಹೆಣ್ಣು ನೋಡಲು ಬಂದವರು ಕೂಡ ನನ್ನನ್ನು ಇಷ್ಟು ಪ್ರಶ್ನೆ ಕೇಳಿರಲಿಲ್ಲ. ಮುದ್ದೆ ಕಟ್ಟೋಕೆ ಬರುತ್ತಾ, ಹಾಡು ಬರುತ್ತಾ, ಸಂಬಳ ಎಷ್ಟು ಅಂತ ಕೇಳಿ, ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಹೇಳಿ ಕಳಿಸ್ತೀವಿ ಅಂದು ಎದ್ದು ಹೋಗುತ್ತಿದ್ದರು. ಈ ಲಿನಕ್ಸ್ ಕರ್ನಲ್ ಹಾಗಲ್ಲ. ಎದುರಿಗೆ ಕೂರಿಸಿಕೊಂಡು ಕೇಳುತ್ತಲೇ ಇರುತ್ತದೆ. ನಿಮ್ಮಲ್ಲಿ ಫ್ಲಾಪಿ ಡ್ರೈವ್ ಇದೆಯೇ? ಜಾಯ್‌ಸ್ಟಿಕ್ ಇದೆಯೇ? ಟೀವಿ ಕಾರ್ಡ್? ರೇಡಿಯೋ ಕಾರ್ಡ್? ಒಂದಕ್ಕೆ ಹೌದು ಅಂದರೆ ಮುಗಿಯಿತು, ಅದರ ಹೊಟ್ಟೆಯೊಳಗಿಂದ ಇನ್ನಷ್ಟು ಪ್ರಶ್ನೆಗಳು ಮರಿ ಹಾಕುತ್ತವೆ. ಅಂದ ಹಾಗೆ ನನಗೆ ಕೊನೆಗೂ ಮದುವೆಯಾಗಲಿಲ್ಲ. ಅದು ಬೇರೆ ಕಥೆ, ಅದರಲ್ಲಿ ಕರ್ನಲ್‌ನದೇನೂ ತಪ್ಪಿಲ್ಲ.

ಕರ್ನಲ್ ಅಂದರೇನು ಅಂತ ಗೊತ್ತಿಲ್ಲದವರು ಗಾಬರಿಯಾಗಬೇಡಿ. ಕಾಲೇಜಿನ ಲ್ಯಾಬಿನಲ್ಲಿ ವರ್ಷಗಟ್ಟಲೆ ಹುಡುಗರಿಗೆ ಇದನ್ನೇ ಹೇಳಿಕೊಟ್ಟಿದ್ದೇನೆ, ಅವರಿಗೂ ಗೊತ್ತಾಗಿಲ್ಲ. ಕಂಪ್ಯೂಟರಿನೊಳಗೆ ಕೂತು ಎಲ್ಲವನ್ನೂ ನಡೆಸುವ ಯಜಮಾನತಿ ಅಂದುಕೊಳ್ಳಿ, ಸಾಕು. ಕೀಬೋರ್ಡು, ಪ್ರಿಂಟರು, ಸ್ಪೀಕರು ಒಂದೊಂದರ ಹತ್ತಿರವೂ ಹೇಗೆ ಮಾತಾಡಬೇಕು ಅನ್ನುವುದು ಅವಳಿಗೆ ತಿಳಿದಿರಬೇಕು. ಆ ತಿಳಿವಳಿಕೆಗೆ ಡ್ರೈವರ್ ಅನ್ನುತ್ತಾರೆ. ಎಲ್ಲರ ಮನೆಗೂ ಎಲ್ಲ ಡ್ರೈವರ್ ಬೇಕಾಗುವುದಿಲ್ಲ, ಅದಕ್ಕೇ ಈ ಪ್ರಶ್ನೆಗಳು.

ಪ್ರತಿ ಪ್ರಶ್ನೆಗೂ ಮೂರು ಉತ್ತರ. ವೈ ಅಂದರೆ ಹೌದು. ಅಡುಗೆಮನೆಯ ನೆಲದಲ್ಲಿ ಹೂತ ಒರಳಿನ ಹಾಗೆ ಆ ಡ್ರೈವರ್ ಕರ್ನಲ್‌ನಲ್ಲೇ ಸೇರಿಹೋಗುತ್ತದೆ, ಕಂಪ್ಯೂಟರ್ ಕಣ್ಣು ಬಿಡುವಾಗಲೇ ಅದೂ ಎದ್ದಿರುತ್ತದೆ. ಎಮ್ ಅಂದರೆ ಅಟ್ಟದ ಮೇಲಿಟ್ಟ ಹಂಡೆ. ಬೇಕಾದಾಗ ಇಳಿಸಿಕೊಳ್ಳಬಹುದು, ಇಳಿಸುವ ತನಕ ಕಾಯಬೇಕು. ಎನ್ ಅಂದರೆ ಇಲ್ಲವೇ ಇಲ್ಲ. ಪ್ರಶ್ನೆಯೇ ಅರ್ಥವಾಗದವರಿಗೆ ಸಹಾಯ ಅಂತ ಒಂದು ಗುಂಡಿ ಬೇರೆ ಇದೆ. ಒತ್ತಿದರೆ ಎಂಥದ್ದೋ ನಾಲ್ಕು ಸಾಲು ಹೇಳಿ ಕೊನೆಗೆ ಅದೇ ಮಾತು: ಗೊತ್ತಿಲ್ಲದಿದ್ದರೆ ಎನ್ ಅನ್ನಿ. ನಾನು ಈ ಮಾತನ್ನು ಭಕ್ತಿಯಿಂದ ಪಾಲಿಸಿಕೊಂಡು ಬಂದವಳು.

ಮೊನ್ನೆ, ಮಹಾಲಯ ಅಮಾವಾಸ್ಯೆ ಇನ್ನೇನು ಬಂತು ಅನ್ನುವಾಗ, ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಹೊಸ ಕಂಪ್ಯೂಟರಿನ ಮುಂದೆ ಕೂತು ಎನ್, ಎನ್, ಎನ್ ಅಂತ ಒತ್ತಿಕೊಂಡು ಹೋಗುತ್ತಿದ್ದೆ. ಒಂದು ಸಾಲಿಗೆ ಬಂದಾಗ ಬೆರಳು ನಿಂತುಬಿಟ್ಟಿತು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಪೆಟ್ಟಿಗೆಗಳ ಪಟ್ಟಿ ಅದು. ಹಿಂದೆ ಕುರ್ಚಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದ ಅಮ್ಮನಿಗೆ ಕೀ ಒತ್ತುವ ಸದ್ದು ನಿಂತದ್ದು ತಿಳಿಯಿತು.

“ಬಂತೇನೇ ಅವನ ಹೆಸ್ರು?”

“ಬಂತಮ್ಮ.”

“ಹೌದು ಅನ್ನು ಮತ್ತೆ. ಯಾಕೆ ಹಿಂಗೆ ಕೂತುಬಿಟ್ಟೆ?”

ಅವನು ಅಂದರೆ ದೊರೆ. ದೊರೆ ಅಂದರೆ ಅಕ್ಕನ ಡಬ್ಬ. ಟಿಫನ್ ಬಾಕ್ಸಿನಷ್ಟು ದೊಡ್ಡದು, ಬೂದಿ ಬಣ್ಣ, ಮುಂದೆ ಸ್ಪೀಕರಿನ ಜಾಲರಿ, ಹಿಂದೆ ಕಂಪ್ಯೂಟರಿಗೆ ಸಿಕ್ಕಿಸುವ ಅಗಲ ಬಾಯಿನ ಕೇಬಲ್ಲು. ಅಕ್ಕನಿಗೆ ಕಣ್ಣು ಕಾಣುತ್ತಿರಲಿಲ್ಲ. ಪರದೆಯ ಮೇಲಿರುವುದನ್ನೆಲ್ಲ ಅವಳಿಗೆ ಈ ಡಬ್ಬ ಓದಿ ಹೇಳುತ್ತಿತ್ತು. ಬರೀ ಇಂಗ್ಲಿಷು, ಅದೂ ಮೂಗಿನಲ್ಲಿ ಮಾತಾಡುವ ಗಂಡಸಿನ ದನಿ, ಅದಕ್ಕೆ ಅಮ್ಮ ಇಟ್ಟ ಹೆಸರು ದೊರೆ. ಅಕ್ಕ ಹೋಗಿ ವರ್ಷವಾಗುತ್ತಾ ಬಂತು. ಈ ಸಲ ಅವಳಿಗೆ ಮೊದಲನೇ ಎಡೆ. ಎಡೆಯ ಮುಂದೆ ದೊರೆ ಮಾತಾಡಲೇಬೇಕು ಅನ್ನುವುದು ಅಮ್ಮನ ಹಟ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಡುತ್ತಾರೆ, ಬೀಡಿ ಇಡುತ್ತಾರೆ, ಎಲೆ ಅಡಿಕೆ ಇಡುತ್ತಾರೆ, ನನ್ನ ಮಗಳಿಗೆ ಇವನೇ ಇಷ್ಟ ಅಂತ ಅವಳ ವಾದ. ಆದರೆ ಅಕ್ಕನ ಹಳೇ ಕಂಪ್ಯೂಟರನ್ನು ಅವಳು ಹೋದ ದಿನದಿಂದ ಯಾರೂ ಹಚ್ಚಿರಲಿಲ್ಲ. ಅಮ್ಮ ಅದರ ಮೇಲೆ ಅಕ್ಕನ ಒಂದು ವಾಯಿಲ್ ಸೀರೆ ಹೊದಿಸಿಬಿಟ್ಟಿದ್ದಳು. ಹಬ್ಬ ಹತ್ತಿರ ಬಂತು ಅಂತ ಸೀರೆ ತೆಗೆದು ಸ್ವಿಚ್ ಹಾಕಿದರೆ ಅದರ ಬೋರ್ಡೇ ಸತ್ತಿತ್ತು.

ಅಕ್ಕನ ಹೆಸರು ಶಾಂತ. ಹೆಸರಿಟ್ಟವರು ಎಂಥ ತಪ್ಪು ಮಾಡಿದರು ಅಂತ ಅವಳೇ ಹೇಳಿ ನಗುತ್ತಿದ್ದಳು. ಸದ್ದಿಲ್ಲದ ಕಡೆ ಅವಳಿಗೆ ಒಂದು ಕ್ಷಣವೂ ಇರಲು ಆಗುತ್ತಿರಲಿಲ್ಲ. ಅಪ್ಪ ತಾಲೂಕು ಕಚೇರಿಯಲ್ಲಿ ಗುಮಾಸ್ತರು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಅಂತ ವರ್ಗವಾದಲ್ಲೆಲ್ಲ ಪಾತ್ರೆ ಪಗಡ ಕಟ್ಟಿಕೊಂಡು ಹೋಗುತ್ತಿದ್ದೆವು. ಹೊಸ ಬಾಡಿಗೆ ಮನೆಗೆ ಕಾಲಿಟ್ಟ ತಕ್ಷಣ ನಾನು ಹಿತ್ತಲಲ್ಲಿ ಸೀಬೆ ಮರ ಇದೆಯೇ ಅಂತ ನೋಡಲು ಓಡುತ್ತಿದ್ದೆ. ಅಕ್ಕ ನಡುಮನೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ, ಕಿವಿಗೊಟ್ಟು, “ಈ ಮನೆ ಚಿಕ್ಕದಮ್ಮ” ಅನ್ನುತ್ತಿದ್ದಳು. “ಬಾಡ್ಗೆ ಚಿಕ್ಕದಾಗಿಲ್ವಲ್ಲೇ ತಾಯಿ” ಅಂತ ಅಮ್ಮ ಗೊಣಗುತ್ತಾ ಒಲೆ ಹೂಡಲು ಹೋಗುತ್ತಿದ್ದಳು.

ಚಿಂತಾಮಣಿಯಲ್ಲಿದ್ದಾಗ ಒಂದು ಭಾನುವಾರ ಅಪ್ಪ ನಮ್ಮಿಬ್ಬರನ್ನೂ ಅಂಬಾಜಿದುರ್ಗಕ್ಕೆ ಕರೆದುಕೊಂಡು ಹೋಗಿದ್ದರು. ಅಕ್ಕ ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡು ಹತ್ತಿದಳು. ಮೇಲೆ ಹೋದ ಮೇಲೆ ಅಪ್ಪ ಅಲ್ಲಿ ಕೆರೆ ಕಾಣುತ್ತೆ, ಇಲ್ಲಿ ರಸ್ತೆ ಕಾಣುತ್ತೆ ಅಂತ ಪಾಪ ವಿವರಿಸುತ್ತಿದ್ದರೆ, ಅವಳು ಎಲ್ಲಿ ಕೇಳಿಸಿಕೊಂಡಳು? ಬಂಡೆಯ ಕಡೆ ಮುಖ ಮಾಡಿ “ಶಾಂತಾ” ಅಂತ ಕಿರುಚಿದಳು. ಬಂಡೆಯೂ ಶಾಂತಾ ಅಂತು. ಅಷ್ಟೇ, ಕೆಳಗಿಳಿಯಲು ಒಪ್ಪಲೇ ಇಲ್ಲ. ತಂದಿದ್ದ ಚಿತ್ರಾನ್ನ ಮುಗಿಯಿತು, ಬಿಸಿಲು ಇಳಿಯಿತು, ಇವಳದು ಕೂಗುವುದು ಮುಗಿಯಲಿಲ್ಲ. ಬಸ್ಸು ತಪ್ಪುತ್ತೆ ಅಂತ ಅಪ್ಪ ಎತ್ತಿಕೊಂಡೇ ಇಳಿದರು.

ಬೇಸಿಗೆ ರಜಕ್ಕೆ ಕೆಂಚಾರ್ಲಹಳ್ಳಿಯ ದೊಡ್ಡಪ್ಪನ ಮನೆಗೆ ಹೋಗುತ್ತಿದ್ದೆವು. ಅವರು ರೇಷ್ಮೆ ಹುಳ ಸಾಕುತ್ತಿದ್ದರು. ಹಿಪ್ಪುನೇರಳೆ ಸೊಪ್ಪು ಹಾಕಿದ ಮೇಲೆ ಹುಳುಗಳೆಲ್ಲ ಒಟ್ಟಿಗೆ ಮೇಯುವ ಸದ್ದು ಕೇಳಿದ್ದೀರಾ? ಸಣ್ಣ ಸೋನೆ ಹಿಡಿದ ಹಾಗಿರುತ್ತದೆ. ಅಕ್ಕ ಹುಳದ ಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಅದನ್ನೇ ಕೇಳುತ್ತಾ ಕೂರುತ್ತಿದ್ದಳು. ಹುಳ ಪೊರೆ ಬಿಡುವ ಮುಂಚೆ ಒಂದು ದಿನ ಮೇವು ಬಿಟ್ಟು ತಲೆಯೆತ್ತಿ ಸುಮ್ಮನಾಗಿಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರಕ್ಕೆ ಹೋಗುವುದು ಅನ್ನುತ್ತಾರೆ. ಮೊದಲ ಸಲ ಹಾಗೆ ಸದ್ದು ನಿಂತಾಗ ಅಕ್ಕ ಹುಳವೆಲ್ಲ ಸತ್ತೇಹೋಯಿತು ಅಂತ ಮನೆ ಹಾರಿಹೋಗುವ ಹಾಗೆ ಅತ್ತಳು. ದೊಡ್ಡಪ್ಪ ಎಷ್ಟು ಹೇಳಿದರೂ ನಂಬಲಿಲ್ಲ. ಮತ್ತೆ ಮೇಯಲು ಶುರು ಮಾಡಿದ ಮೇಲೇ ಅವಳು ಅನ್ನ ತಿಂದದ್ದು.

ಓದು ಮುಗಿಸಿ ಅಕ್ಕ ಚಿಕ್ಕಬಳ್ಳಾಪುರದ ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆದಳು. ಅವಳಿಗೆ ಹೇಳಿ ಮಾಡಿಸಿದ ಕೆಲಸ. ದಿನವಿಡೀ ಕಿವಿ ತುಂಬ ಜನ. ಆಮೇಲೆ ಎಲ್ಲರ ಮೇಜಿಗೂ ನೇರ ಫೋನು ಬಂತು, ಇವಳ ಬೋರ್ಡನ್ನು ಬಿಚ್ಚಿಕೊಂಡು ಹೋದರು. ಕೆಲಸದಿಂದ ತೆಗೆಯಲಿಲ್ಲ, ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಟ್ಟರು. ಸಂಜೆ ಮನೆಗೆ ಬಂದು, “ಸಂಬಳ ಕೊಟ್ಟು ಸುಮ್ನೆ ಕೂರಿಸ್ತಾರೆ ಕಣೇ ಪದ್ದು. ಯಾರೂ ಮಾತೇ ಆಡಲ್ಲ” ಅಂದಳು. ಅವಳು ಅತ್ತದ್ದನ್ನು ನಾನು ದೊಡ್ಡವಳಾದ ಮೇಲೆ ಕಂಡದ್ದು ಅದೊಂದೇ ಸಲ. ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಆ ಸಿಟ್ಟಿನಲ್ಲಿ ಅಲ್ಲಿ ಇಲ್ಲಿ ವಿಚಾರಿಸಿ, ಬೆಂಗಳೂರಿನ ಅಂಧರ ಸಂಘವೊಂದರಲ್ಲಿ ಯಾರೋ ವಿದೇಶದವರು ಬಿಟ್ಟುಹೋಗಿದ್ದ ಈ ಡಬ್ಬವನ್ನು ತಂದೆ. ಇದನ್ನು ಮಾತಾಡಿಸುವ ಡ್ರೈವರನ್ನು ಕಣ್ಣು ಕಾಣದವರೇ ಕೂತು ಬರೆದಿದ್ದಾರೆ ಅಂತ ಕೇಳಿ ಅಕ್ಕನಿಗೆ ಖುಷಿಯೋ ಖುಷಿ. “ನಮ್ಮೋರೇ ಬರ್ದಿರೋದು ಅನ್ನು” ಅಂದಳು.

ಆ ಕಾಲದಲ್ಲಿ ಕರ್ನಲ್ ಕಟ್ಟುವುದು ಅಂದರೆ ಒಂದು ಹಬ್ಬದ ಅಡುಗೆಯಷ್ಟು ಕೆಲಸ. ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟು ಬೆಳಿಗ್ಗೆ ಒಲೆ ಹಚ್ಚಿದರೆ ಸಂಜೆಗೆ ಬೇಯುತ್ತಿತ್ತು, ಅದೂ ಕರೆಂಟು ಇದ್ದರೆ. ನಮ್ಮೂರಿನ ಕರೆಂಟಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಇನ್ನೇನು ಮುಗಿಯಿತು ಅನ್ನುವಾಗ ಫಕ್ಕನೆ ಹೋಗುವುದು, ನಾನು ತಲೆ ಚಚ್ಚಿಕೊಳ್ಳುವುದು, ಅಮ್ಮ “ಹೋಗ್ಲಿ ಬಾ, ಊಟ ಮಾಡು” ಅನ್ನುವುದು, ಮತ್ತೆ ಮೊದಲಿಂದ. ಅಂತೂ ಇಂತೂ ಮುಗಿಸಿ ಕಂಪ್ಯೂಟರ್ ಹಚ್ಚಿದೆ. ಅಕ್ಕ ಹೊಸ ಸೀರೆ ಉಟ್ಟು ಡಬ್ಬದ ಮೇಲೆ ಅಂಗೈಯಿಟ್ಟುಕೊಂಡು ಕೂತಿದ್ದಳು. ಪರದೆಯ ಮೇಲೆ ಸಾಲುಗಳು ಸರಸರ ಹರಿಯುತ್ತಿದ್ದವು, ನನಗೆ ಕಾಣುತ್ತಿತ್ತು. ಡಬ್ಬ ಮಾತ್ರ ಗಪ್‌ಚಿಪ್.

“ಎದ್ನೇನೇ?”

“ತಡಿಯೇ, ಏಳ್ತಾ ಇದಾನೆ.”

“ಎಲ್ಲೇ? ಸದ್ದೇ ಇಲ್ಲ. ಕೆಟ್ಟೋಯ್ತಾ?”

ನಾನು ಡ್ರೈವರಿಗೆ ಎಮ್ ಅಂದಿದ್ದೆ, ಹಂಡೆ ಅಟ್ಟದ ಮೇಲಿತ್ತು. ಕಂಪ್ಯೂಟರ್ ಪೂರ್ತಿ ಎದ್ದ ಮೇಲೆ ಡಬ್ಬ ಇಂಗ್ಲಿಷಿನಲ್ಲಿ ಏನೋ ಅಂತು. ಅಡುಗೆಮನೆಯಿಂದ ಓಡಿ ಬಂದ ಅಮ್ಮ ಗಾಬರಿಯಲ್ಲಿ ತೆಲುಗಿಗೆ ಇಳಿದು, “ಏಮಂಟಾಡೇ ವೀಡು?” ಅಂದಳು. ಏನಂತಾನೆ ಇವನು ಅಂತ. ಅಕ್ಕ ನಗುತ್ತಾ, “ಕಾಫಿ ಆಯ್ತಾ ಅಂತ ಕೇಳ್ತಾನಮ್ಮ” ಅಂದಳು. ಅಮ್ಮ ನಿಜಕ್ಕೂ ಒಳಗೆ ಹೋಗಿ ಎಸರಿಟ್ಟಳು. ನಗು ಮುಗಿದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. “ಲೇ ಪದ್ದು, ನಿಂಗೆ ಅವ್ನು ಏಳೋದು ಕಾಣುತ್ತೆ. ನಂಗೆ ಅಷ್ಟು ಹೊತ್ತೂ ಅವ್ನು ಬದ್ಕಿದಾನೋ ಇಲ್ವೋ ಗೊತ್ತಾಗಲ್ಲ. ಏಳ್ತಾ ಏಳ್ತಾನೇ ಮಾತಾಡ್ಬೇಕು ಕಣೇ. ಏನ್ಮಾಡ್ತೀಯೋ ಮಾಡು.” ಮಾಡುವುದೇನು, ಎಮ್ ಅನ್ನು ವೈ ಮಾಡಿ ಮತ್ತೆ ಒಂದು ದಿನ ಒಲೆ ಮುಂದೆ ಕೂತೆ. ಆಮೇಲೆ ಎಷ್ಟು ಹೊಸ ಕರ್ನಲ್ ಬಂದರೂ ದೊರೆಗೆ ಮಾತ್ರ ನಮ್ಮ ಮನೆಯಲ್ಲಿ ವೈ.

ದೊರೆ ಬಂದ ಮೇಲೆ ಅಕ್ಕ ಮನುಷ್ಯಳಾದಳು. ಕಚೇರಿಯವರು ಮೊದಲು ಮನೆಯಲ್ಲೇ ಮಾಡಲು ಟೈಪಿಂಗ್ ಕೊಟ್ಟರು, ಆಮೇಲೆ ಪತ್ರವ್ಯವಹಾರವೆಲ್ಲ ಇವಳದೇ. ಮನೆಯ ಕಂಪ್ಯೂಟರಿಗೆ ಕೆಂಚಾರ್ಲಹಳ್ಳಿ ಅಂತ ಹೆಸರಿಟ್ಟಳು. ಬೆಳಿಗ್ಗೆ ಹಚ್ಚಿದಾಗ ದೊರೆ ಆ ಹೆಸರನ್ನು ಅಗಿದು ಅಗಿದು ಕೆಂ-ಕಾರ್ಲಾ-ಹ್ಯಾಲಿ ಅನ್ನುತ್ತಿದ್ದ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಅವನ ಕೈಲಿ ಓದಿಸುತ್ತಿದ್ದಳು. ಒಂದು ಸಲ ಅವನಿಂದ “ಅಮ್ಮಾ, ಉಪ್ಪು ಜಾಸ್ತಿ” ಅನ್ನಿಸಿದಳು, ಅಮ್ಮ ಅವತ್ತಿಡೀ ದೊರೆಯ ಜೊತೆ ಮಾತು ಬಿಟ್ಟಿದ್ದಳು.

ಅವನ ವೇಗದ ವಿಷಯ ಹೇಳಬೇಕು. ದಿನಾ ಎದ್ದಾಗ ದೊರೆ ಒಂದೊಂದೇ ಪದವನ್ನು ನಿಧಾನವಾಗಿ ಆಡುತ್ತಿದ್ದ. ಕಣ್ಣಿಲ್ಲದವರು ಕಿವಿಯಲ್ಲೇ ಓದಬೇಕಲ್ಲ, ಆ ನಿಧಾನ ಅವರಿಗೆ ಸಾಲುವುದಿಲ್ಲ. ಅಕ್ಕ ಒಂದು ಕೀ ಒತ್ತಿ ಹಿಡಿದು ಇನ್ನೊಂದನ್ನು ಟಕ್ ಟಕ್ ಟಕ್ ಅಂತ ಕುಟ್ಟುತ್ತಿದ್ದಳು. ಪ್ರತಿ ಕುಟ್ಟಿಗೂ ಅವನ ಮಾತು ಓಡುತ್ತಾ ಓಡುತ್ತಾ ಕೊನೆಗೆ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಆಗುತ್ತಿತ್ತು. ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ಅಕ್ಕ ತಲೆಯಾಡಿಸುತ್ತಾ ಕೇಳುತ್ತಿದ್ದಳು. ಅವಳ ಗುಟ್ಟೆಲ್ಲ ಎಲ್ಲರೆದುರೇ ಹೊರಬರುತ್ತಿತ್ತು, ಯಾರಿಗೂ ಸಿಗುತ್ತಿರಲಿಲ್ಲ. ನೆಂಟರು ಬಂದಾಗ ಮಾತ್ರ ಅಮ್ಮ, “ನಿಧಾನ ಮಾಡೇ, ಏನಂದ್ಕೊಳ್ತಾರೆ” ಅಂತ ಗದರಿಸುತ್ತಿದ್ದಳು. ಅಕ್ಕ ವೇಗ ಇಳಿಸುತ್ತಿದ್ದಳು. ದೊರೆ ಆಗ ಮದುವೆ ಮನೆಯ ಹಿರಿಯರ ಹಾಗೆ ಗತ್ತಿನಲ್ಲಿ ಮಾತಾಡುತ್ತಿದ್ದ. ನೆಂಟರು ಬಾಗಿಲು ದಾಟಿದ್ದೇ ತಡ, ಟಕ್ ಟಕ್ ಟಕ್.

ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮನಿಗೆ ಇದೇ ಗಡಿಯಾರ. ಮೊದಲು ಕೆಂ-ಕಾರ್ಲಾ-ಹ್ಯಾಲಿ, ಆಮೇಲೆ ಟಕ್ ಟಕ್, ಆಮೇಲೆ ಸಾಸಿವೆ. “ಏನಂತಾನೇ ದೊರೆ?” ಅಂತ ಅಲ್ಲಿಂದಲೇ ಕೂಗುತ್ತಿದ್ದಳು. “ಕಾಫಿ ಆಯ್ತಾ ಅಂತ ಕೇಳ್ತಾನಮ್ಮ” ಅಂತ ಅಕ್ಕ ಇಲ್ಲಿಂದ. ಆಫೀಸಿನ ಪತ್ರವಿರಲಿ, ಪೇಪರಿನ ಸುದ್ದಿಯಿರಲಿ, ಅಮ್ಮನಿಗೆ ಸಿಗುತ್ತಿದ್ದ ಅನುವಾದ ಅದೊಂದೇ. ಅಮ್ಮ ಫಿಲ್ಟರಿನ ಮುಚ್ಚಳ ತೆಗೆಯುತ್ತಿದ್ದಳು. ಆ ಮಾತು ತಮಾಷೆಯಾಗಿ ಶುರುವಾಗಿ, ತಮಾಷೆ ಹೋಗಿ, ಬರೀ ಬೆಳಗಿನ ಮಾತಾಗಿಬಿಟ್ಟಿತ್ತು. ಇಬ್ಬರಲ್ಲಿ ಯಾರೂ ಒಂದು ದಿನ ಅದನ್ನು ಬಿಟ್ಟದ್ದು ನನಗೆ ನೆನಪಿಲ್ಲ.

ಅಕ್ಕ ಹೋದದ್ದು ಶ್ವಾಸಕೋಶದ ಸೋಂಕಿನಿಂದ. ಮೊದಲು ಬರೀ ಕೆಮ್ಮು ಅಂದರು. ಆಸ್ಪತ್ರೆಯ ಆ ಕೋಣೆಯಲ್ಲಿ ಮೊಬೈಲೂ ಬಿಡಲಿಲ್ಲ, ದೊರೆಯನ್ನು ಯಾರು ಬಿಡುತ್ತಾರೆ? ನನ್ನನ್ನು ಸಂಜೆ ಸ್ವಲ್ಪ ಹೊತ್ತು ಒಳಗೆ ಬಿಡುತ್ತಿದ್ದರು. ಅವಳು ಕೈ ಹುಡುಕಿ ಹಿಡಿದುಕೊಂಡು, “ಯಾರೂ ಯಾಕೆ ಮಾತಾಡ್ತಿಲ್ಲ?” ಅಂದಳು. ಆಮೇಲೆ ನಾನು ಬಾಯಿ ಮುಚ್ಚಲೇ ಇಲ್ಲ. ಟೊಮೆಟೊ ರೇಟು, ಪಕ್ಕದ ಮನೆಯವರ ಜಗಳ, ಲ್ಯಾಬಿನ ಹುಡುಗರ ಪೆದ್ದುತನ, ಬಾಯಿಗೆ ಬಂದದ್ದೆಲ್ಲ ಹೇಳಿದೆ. ಗಂಟಲು ಕಟ್ಟಿ ಹೋಗುವ ತನಕ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡೇ ನಕ್ಕು, “ನಿಧಾನ ಆಯ್ತು ಕಣೇ. ಬೇಗ ಬೇಗ ಹೇಳೇ” ಅಂದಳು. ನಾನು ಎಷ್ಟು ಬೇಗ ಹೇಳಬಲ್ಲೆ? ಮನುಷ್ಯರ ನಾಲಿಗೆ ಅಷ್ಟೇ ತಾನೇ. ಮಾರನೇ ದಿನ ಅವಳು ಇರಲಿಲ್ಲ.

ಅಮ್ಮ ಅಂದಿನಿಂದ ಫಿಲ್ಟರು ಮುಟ್ಟಲಿಲ್ಲ. ಬೇಸರದಿಂದ ಮಾಡಿದ ಶಪಥವೇನೂ ಅಲ್ಲ, ಯಾವಾಗ ಇಡಬೇಕು ಅಂತ ಗೊತ್ತಾಗಲ್ಲ ಕಣೇ ಅಂದಳು, ಅಷ್ಟೇ. ಬೆಳಿಗ್ಗೆ ಎದ್ದು ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ನಿಂತಿರುತ್ತಿದ್ದಳು. ನಾನೇ ಬಿಸಿ ಹಾಲಿಗೆ ಪುಡಿ ಕಲಸಿ ಕೊಡುತ್ತಿದ್ದೆ. ಕುಡಿಯುತ್ತಿದ್ದಳು, ಚೆನ್ನಾಗಿಲ್ಲ ಅಂತ ಒಂದು ದಿನವೂ ಬೈಯಲಿಲ್ಲ. ಬೈಯಲಿ ಅಂತ ನಾನು ಕಾಯುತ್ತಿದ್ದೆ.

ಈಗ ಮತ್ತೆ ಆ ಪ್ರಶ್ನೆಗೆ ಬರೋಣ. ಹೊಸ ಕಂಪ್ಯೂಟರುಗಳಲ್ಲಿ ದೊರೆಯ ಅಗಲ ಬಾಯಿನ ಕೇಬಲ್ಲಿಗೆ ಜಾಗವೇ ಇಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಒಂದು ತುಂಡು ವೈರು ತಂದೆ. ತಂದ ಮೇಲೆ ಗೊತ್ತಾದದ್ದು ಏನಪ್ಪಾ ಅಂದರೆ, ಆ ವೈರಿನ ಮೂಲಕ ಬರುವವನಿಗೆ ವೈ ಅಂದರೆ ಕೆಲಸವೇ ಆಗುವುದಿಲ್ಲ. ಕಂಪ್ಯೂಟರ್ ಎದ್ದು, ಯುಎಸ್‌ಬಿ ಎದ್ದು, ವೈರು ಯಾರದು ಅಂತ ತಿಳಿದ ಮೇಲೇ ದೊರೆಯನ್ನು ಕರೆಯಬೇಕು. ಅಂದರೆ ಎಮ್. ಅಕ್ಕ ಬೇಡ ಅಂದಿದ್ದ ಎಮ್. ಅಷ್ಟು ಹೊತ್ತು ಸದ್ದಿಲ್ಲದೆ ಕಾಯಬೇಕಾದ ಎಮ್. ಬೆರಳು ನಿಂತದ್ದು ಅದಕ್ಕೆ. ಅವಳೇ ಇಲ್ಲದ ಮೇಲೆ ಕಾಯುವವರು ಯಾರು, ವೈ ಆದರೇನು ಎಮ್ ಆದರೇನು ಅಂತ ಬುದ್ಧಿ ಹೇಳುತ್ತಿತ್ತು. ಬುದ್ಧಿಗೆ ಏನು ಗೊತ್ತು? ನನಗೆ ಅಳು ಬಂತು.

ಕೆಂಚಾರ್ಲಹಳ್ಳಿಯಿಂದ ದೊಡ್ಡಪ್ಪನ ಮಗ ರಾಮಣ್ಣ ಎಡೆ ಇಡಲು ಬಂದವನು ನನ್ನ ಪಾಡು ನೋಡಿ, “ಇದೆಲ್ಲ ಯಾಕಕ್ಕ? ಈಗ ಮೊಬೈಲೇ ಕನ್ನಡದಲ್ಲಿ ಓದುತ್ತೆ. ಎಡೆ ಹತ್ರ ಒಂದು ಮೊಬೈಲ್ ಇಟ್ಟುಬಿಡು” ಅಂದ. ನಿಜವೇ. ಅಕ್ಕನೂ ಕೊನೆಗೊನೆಗೆ ಮೊಬೈಲ್ ಬಳಸುತ್ತಿದ್ದಳು, ಆದರೆ ಬೆಳಗಿನ ಹೊತ್ತು ದೊರೆಯ ಮುಂದೇ ಕೂರುತ್ತಿದ್ದಳು. ಇದನ್ನು ರಾಮಣ್ಣನಿಗೆ ಹೇಗೆ ಹೇಳುವುದು? ಅವನು ಇನ್ನೊಂದು ಮಾತನ್ನೂ ಮೆಲ್ಲಗೆ ತೆಗೆದ. “ಅಲ್ಲ ಚಿಕ್ಕಮ್ಮ, ಮದ್ವೆಯಾಗ್ದೆ ಹೋದೋರಿಗೆ ಬೇರೆ ಎಲೆ ಹಾಕೋ ಪದ್ಧತಿ ನಮ್ಮಲ್ಲಿಲ್ಲ ಅಂತಾರೆ ಊರಲ್ಲಿ…”

ಅಮ್ಮ ಬತ್ತಿ ಹೊಸೆಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ಮದ್ವೆಯಾಗ್ದಿದ್ರೆ ಹಸಿವಾಗಲ್ವಾ ರಾಮಣ್ಣ?” ಅಂದಳು. ರಾಮಣ್ಣ ಒಳ್ಳೆಯವನು, ಬಾಳೆ ಎಲೆ ತರಲು ಎದ್ದು ಹೋದ. ನಾನು ಮೂಗು ಒರೆಸಿಕೊಂಡು ಎಮ್ ಒತ್ತಿದೆ.

ಅಮಾವಾಸ್ಯೆಯ ದಿನ ಅಪ್ಪನಿಗೆ ಎಂದಿನಂತೆ ನಡುಮನೆಯಲ್ಲಿ, ಅಕ್ಕನಿಗೆ ಅವಳ ಕೋಣೆಯಲ್ಲೇ ಎಲೆ ಹಾಕಿದೆವು. ಒಬ್ಬಟ್ಟು, ವಡೆ, ಹುರುಳಿ ಸಾರು, ಅವಳಿಗೆ ಪ್ರಾಣವಾದ ಖಾರದ ಕಡಲೆಬೀಜ, ಹೊಸ ಸೀರೆ, ಬಳೆ. ಅಮ್ಮ ಒಂದೊಂದನ್ನೂ ತಾನೇ ಬಡಿಸಿದಳು. ಕಾಫಿ ಇಡಲಿಲ್ಲ. ನಾನು ಗಮನಿಸಿದೆ, ಕೇಳಲು ಧೈರ್ಯವಾಗಲಿಲ್ಲ. ಎಲೆ ಪಕ್ಕದ ಮೇಜಿನ ಮೇಲೆ ದೊರೆ, ಹೊಸ ಕಂಪ್ಯೂಟರು. ಅದಕ್ಕೂ ಕೆಂಚಾರ್ಲಹಳ್ಳಿ ಅಂತಲೇ ಹೆಸರಿಟ್ಟಿದ್ದೆ. ರಾಮಣ್ಣ ಧೂಪ ಹಾಕಿದ, ಎಲ್ಲರೂ ನಮಸ್ಕಾರ ಮಾಡಿದೆವು. ನಮ್ಮ ಕಡೆ ಎಡೆ ಇಟ್ಟ ಮೇಲೆ ಬಾಗಿಲು ಎಳೆದುಕೊಂಡು ಹೊರಗೆ ಬಂದು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾರೆ, ಹೋದವರು ಬಂದು ಉಣ್ಣಲಿ ಅಂತ. ನಾನು ಕೊನೆಯಲ್ಲಿ ಕಂಪ್ಯೂಟರಿನ ಗುಂಡಿ ಒತ್ತಿ, ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಒಳಗಿಂದ ಏನೂ ಕೇಳಿಸಲಿಲ್ಲ. ಅಮ್ಮ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ಬಾಗಿಲ ಆಚೆ ಪರದೆಯ ಮೇಲೆ ಸಾಲುಗಳು ಹರಿಯುತ್ತಿರುತ್ತವೆ ಅಂತ ನನಗೆ ಗೊತ್ತು, ಆದರೆ ಕಾಣುತ್ತಿಲ್ಲ. ಎದ್ದಿದ್ದಾನೋ ಇಲ್ಲವೋ, ವೈರು ಸರಿಯಾಗಿ ಕೂತಿದೆಯೋ ಇಲ್ಲವೋ. ಅಕ್ಕ ಮೊದಲ ದಿನ ಕೂತದ್ದು ಹೀಗೇ. ಅಂಗೈ ಡಬ್ಬದ ಮೇಲಿಟ್ಟುಕೊಂಡು ಅವಳು ಎಷ್ಟು ಹೆದರಿದ್ದಳು ಅಂತ ನನಗೆ ಆವಾಗ ತಿಳಿದಿರಲಿಲ್ಲ.

“ಕೆಟ್ಟಿರ್ಬೇಕು ಅಕ್ಕ, ಒಂಚೂರು ತೆಗೆದು ನೋಡಣ” ಅಂತ ರಾಮಣ್ಣ ಪಿಸುಗುಟ್ಟಿದ.

“ಸುಮ್ನಿರು,” ಅಂದಳು ಅಮ್ಮ. “ಹುಳ ಜ್ವರಕ್ಕೆ ಹೋದಾಗ ಯಾರಾದ್ರೂ ಕೆದಕ್ತಾರೇನಪ್ಪ?”

ಹುಳ ಸಾಕಿದ ಮನೆಯವನು, ಬಾಗಿಲಿನಿಂದ ಹಿಂದೆ ಸರಿದ. ಕೂತೆವು. ಧೂಪದ ಹೊಗೆ ಬಾಗಿಲ ಸಂದಿಯಿಂದ ಬರುತ್ತಿತ್ತು. ಆಮೇಲೆ ಒಳಗೆ ಸಣ್ಣಗೆ ಗೊರ್ ಅಂತ ಒಂದು ಸದ್ದು. ಆಮೇಲೆ ಆ ಮೂಗಿನ ದನಿ.

“ಕೆಂ-ಕಾರ್ಲಾ-ಹ್ಯಾಲಿ. ಲಾಗಿನ್.”

ರಾಮಣ್ಣ ಬೆಚ್ಚಿಬಿದ್ದು ಕೈ ಮುಗಿದ. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಅಮ್ಮನ ಮುಖ ಮಾತ್ರ ಅರಳಲಿಲ್ಲ. ಕಿವಿಯನ್ನು ಬಾಗಿಲಿಗೆ ಇನ್ನೂ ಒತ್ತಿ ಹಿಡಿದು ಕಾದಳು. ಏನೂ ಬರಲಿಲ್ಲ. ಮೆಲ್ಲಗೆ ನನ್ನ ಕಡೆ ತಿರುಗಿದಳು.

“ನೆಂಟರ ಹತ್ರ ಮಾತಾಡಿದ ಹಾಗೆ ಮಾತಾಡ್ತಾನಲ್ಲೇ ಪದ್ದಮ್ಮ. ನಾವೇನು ಅವ್ಳಿಗೆ ನೆಂಟ್ರೇನೇ?”

ಆ ಮಾತು ಕೇಳಿದ ಮೇಲೆ ನನ್ನಿಂದ ಕೂರಲು ಆಗಲಿಲ್ಲ. ಬಾಗಿಲು ತೆಗೆಯುವ ಮುಂಚೆ ಕೆಮ್ಮಿ, ತಟ್ಟಿ, ಹೋದವರಿಗೆ ತಿಳಿಸಬೇಕು. ರಾಮಣ್ಣ ಕೆಮ್ಮಿದ, ಅಮ್ಮ ತಟ್ಟಿದಳು. ಒಳಗೆ ಹೋಗಿ, ಎಲೆಯನ್ನು ದಾಟದೆ ಸುತ್ತಿ ಬಂದು, ಅಕ್ಕನ ಕುರ್ಚಿಯಲ್ಲಿ ಕೂತೆ. ವರ್ಷದಿಂದ ಆ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ. ಪರದೆಯಲ್ಲಿರುವುದನ್ನೆಲ್ಲ ಓದು ಅಂದೆ. ದೊರೆ ಗತ್ತಿನಲ್ಲಿ ಒಂದೊಂದೇ ಪದ ಓದಲು ಶುರು ಮಾಡಿದ. ಒಂದು ಕೀ ಒತ್ತಿ ಹಿಡಿದು ಇನ್ನೊಂದನ್ನು ಕುಟ್ಟಿದೆ. ಟಕ್. ಟಕ್. ಟಕ್. ಅವನು ಹಿರಿತನ ಬಿಟ್ಟು ನಡೆಯತೊಡಗಿದ, ಆಮೇಲೆ ಓಡತೊಡಗಿದ. ನನಗೆ ತಿಳಿಯುವಷ್ಟು ವೇಗ ದಾಟಿತು. ಕೈ ನಿಲ್ಲಿಸಲಿಲ್ಲ. ಕೊನೆಗೆ ಸಾಸಿವೆ ಸಿಡಿಯತೊಡಗಿತು. ಕೋಣೆ ತುಂಬ ಆ ಸದ್ದು. ಅದು ತಿಳಿಯುತ್ತಿದ್ದವಳು ಒಬ್ಬಳೇ, ಅವಳ ಎಲೆಯಲ್ಲಿ ಒಬ್ಬಟ್ಟು ಹಾಗೇ ಇತ್ತು.

ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಏನಂತಾನೇ ದೊರೆ?” ಅಂದಳು.

ನನಗೆ ಒಂದಕ್ಷರ ಗೊತ್ತಾಗುತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ಎನ್ ಅನ್ನಿ ಅಂತ ಇಷ್ಟು ವರ್ಷ ಓದಿದ್ದೇನೆ, ಗೊತ್ತಿಲ್ಲಮ್ಮ ಅನ್ನುವ ಮಾತು ತುಟಿಗೇ ಬಂದಿತ್ತು.

“ಕಾಫಿ ಆಯ್ತಾ ಅಂತ ಕೇಳ್ತಾನಮ್ಮ,” ಅಂದೆ.

“ಅಯ್ಯೋ, ಇನ್ನೂ ಇಟ್ಟೇ ಇಲ್ವಲ್ಲೇ” ಅಂತ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದಳು. ದೊರೆ ಓದುತ್ತಲೇ ಇದ್ದ. ಅವನ ಸದ್ದಿನ ನಡುವೆ ಫಿಲ್ಟರಿನ ಮುಚ್ಚಳ ತೆಗೆದದ್ದು ಕೇಳಿಸಿತು.